ಎಂಜಿನ್ನಿನ ಉಸಿರುದಾರಿಯ ಕಿಟ್ಟ: ಮನೆಯಲ್ಲೇ ತೆಗೆಯುವುದಾದರೆ ಯಾವ ಸಲಕರಣೆ?

ಗೊಬ್ಬರಕ್ಕೆಂದೋ ಮೈಲುತುತ್ತಕ್ಕೆಂದೋ ಸಂಘದ ಕಚೇರಿಗೆ ಬರುವ ಸದಸ್ಯರು, ಬೆಳೆ, ದರ, ಮಳೆಗಳ ಮಾತು ಮುಗಿದ ಮೇಲೆ ಈಚೀಚೆಗೆ ಒಂದು ಹೊಸ ವಿಷಯವನ್ನು ಎತ್ತುತ್ತಿದ್ದಾರೆ. ಐದಾರು ವರ್ಷದ ಹಿಂದೆ ಕೊಂಡ ಪೆಟ್ರೋಲ್ ಗಾಡಿ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆದೊಡನೆ ನಡುಗುತ್ತದೆ, ಘಾಟಿಯಲ್ಲಿ ಮೊದಲಿನ ಎಳೆತ ಇಲ್ಲ, ಪೆಟ್ರೋಲ್ ಮಾತ್ರ ಹೆಚ್ಚು ಕುಡಿಯುತ್ತದೆ. ಪಟ್ಟಣದ ವರ್ಕ್‌ಶಾಪಿಗೆ ಒಯ್ದರೆ ‘ಇನ್ಲೆಟ್ ವಾಲ್ವಿಗೆ ಕಾರ್ಬನ್ ಕಟ್ಟಿದೆ, ಬಿಚ್ಚಿ ಅಕ್ರೋಟಿನ ತರಿ ಹೊಡೆಯಬೇಕು’ ಎನ್ನುತ್ತಾರೆ. ಅದಕ್ಕೆ ಹೇಳುವ ಮೊತ್ತ ಕೇಳಿದವರು ಒಂದು ಮೂಟೆ ಕಾಫಿಯನ್ನು ಮನಸ್ಸಿನಲ್ಲೇ ತೂಗಿ ನೋಡುತ್ತಾರೆ. ‘ಆ ಹಣಕ್ಕೆ ಸಲಕರಣೆಯನ್ನೇ ಕೊಂಡು ನಾವೇ ಮಾಡಿಕೊಂಡರೆ ಆಗದೇ?’ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಪಲ್ಪರ್ ಬಿಚ್ಚಿ ಜೋಡಿಸುವವರು, ಔಷಧಿ ಹೊಡೆಯುವ ಪಂಪಿನ ವಾಷರನ್ನು ಮಳೆಯಲ್ಲೇ ಬದಲಾಯಿಸುವವರು ನಮ್ಮವರು. ಕೈಗೆಲಸಕ್ಕೆ ಅಂಜುವ ಜನವಲ್ಲ. ಆದರೆ ಈ ಕೆಲಸದಲ್ಲಿ ಸಲಕರಣೆಯ ಆಯ್ಕೆ ತಪ್ಪಿದರೆ ಹೋಗುವುದು ವಾಷರಲ್ಲ, ಎಂಜಿನ್ನೇ. ಪೇಟೆಯಲ್ಲಿ ಗನ್ನು ಮಾರುವವರು ಗನ್ನಿನ ಗುಣ ಹೇಳುತ್ತಾರೆಯೇ ಹೊರತು ಉಳಿದದ್ದನ್ನು ಹೇಳುವುದಿಲ್ಲ. ಉಳಿದದ್ದೇ ಇಲ್ಲಿ ಮುಖ್ಯ. ಆದಕಾರಣ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಕಿಟ್ಟ ಎಲ್ಲಿಂದ ಬಂತು?

ಮೊದಲು ಒಂದು ಸಮಾಧಾನದ ಮಾತು. ನಮ್ಮ ಸದಸ್ಯರ ಮನೆಗಳಲ್ಲಿರುವ ಹೆಚ್ಚಿನ ಪೆಟ್ರೋಲ್ ಗಾಡಿಗಳಿಗೆ ಈ ಚಿಕಿತ್ಸೆ ಬೇಕಾಗಿಯೇ ಇಲ್ಲ. ಹಳೆಯ ಮಾರುತಿ 800, ಓಮ್ನಿ, ಜಿಪ್ಸಿ, ಆಲ್ಟೊಗಳಲ್ಲಿ ಪೆಟ್ರೋಲು ವಾಲ್ವಿನ ಹಿಂದೆಯೇ ಗಾಳಿಯೊಡನೆ ಬೆರೆತು, ವಾಲ್ವಿನ ಬೆನ್ನನ್ನು ತೊಳೆದುಕೊಂಡೇ ಒಳಗೆ ಹೋಗುತ್ತದೆ. ಕಾರ್ಬ್ಯುರೇಟರ್ ಇರಲಿ, ಎಂಪಿಎಫ್‌ಐ ಇರಲಿ, ಈ ತೊಳೆತ ತಾನಾಗಿ ನಡೆಯುತ್ತಿರುತ್ತದೆ. ಅಂಥ ಗಾಡಿಯ ವಾಲ್ವಿಗೆ ದಪ್ಪಗೆ ಕಿಟ್ಟ ಕಟ್ಟಿದೆ ಎಂದು ಯಾರಾದರೂ ಹೇಳಿದರೆ, ಕಣ್ಣಾರೆ ತೋರಿಸಿ ಎಂದು ಕೇಳುವುದು ಒಳ್ಳೆಯದು.

ತೊಂದರೆ ಇರುವುದು ನೇರ ಇಂಜೆಕ್ಷನ್ನಿನ ಎಂಜಿನ್ನುಗಳಲ್ಲಿ. ಇವುಗಳಲ್ಲಿ ಪೆಟ್ರೋಲು ವಾಲ್ವಿನ ಕಡೆಗೆ ಸುಳಿಯುವುದೇ ಇಲ್ಲ. ಭಾರೀ ಒತ್ತಡದಲ್ಲಿ ನೇರವಾಗಿ ಸಿಲಿಂಡರಿನೊಳಗೆ ಚಿಮ್ಮುತ್ತದೆ. ವಿದ್ಯೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ವಿಮಾನಗಳ ಎಂಜಿನ್ನುಗಳಲ್ಲೂ, 1954ರ ಮರ್ಸಿಡಿಸ್ 300 ಎಸ್‌ಎಲ್ ಕಾರಿನಲ್ಲೂ ಇದ್ದದ್ದೇ. ವಿದ್ಯುನ್ಮಾನ ಹತೋಟಿಯೊಡನೆ ಇದನ್ನು ಸಾಮಾನ್ಯ ಕಾರಿಗೆ ತಂದವರು 1996ರಲ್ಲಿ ಮಿತ್ಸುಬಿಷಿಯವರು. ನಮ್ಮ ರಸ್ತೆಗಳಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದವರ ಟಿಎಸ್‌ಐ, 2019ರಲ್ಲಿ ಬಂದ ಹ್ಯುಂಡೈ ವೆನ್ಯೂವಿನ ಟರ್ಬೊ ಜಿಡಿಐ, 2020ರ ಹೊಸ ಥಾರ್‌ನ ಪೆಟ್ರೋಲ್ ಎಂಜಿನ್, ಇವೆಲ್ಲ ಈ ಜಾತಿಯವು. ಗಾಡಿಯ ಬೆನ್ನ ಮೇಲಿನ ಅಕ್ಷರಗಳಿಂದಲೋ ಜೊತೆಗೆ ಕೊಟ್ಟ ಪುಸ್ತಕದಿಂದಲೋ ನಿಮ್ಮದು ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ.

ಎಂಜಿನ್ನಿನ ಅಡಿಯಲ್ಲಿ ಹುಟ್ಟುವ ಎಣ್ಣೆಯ ಹಬೆಯನ್ನು ಹೊರಗೆ ಬಿಡಬಾರದೆಂದು ಅದನ್ನು ಮತ್ತೆ ಗಾಳಿಯ ದಾರಿಗೇ ತಿರುಗಿಸಿರುತ್ತಾರೆ. ಕೆಲವು ಎಂಜಿನ್ನುಗಳಲ್ಲಿ ಹೊಗೆಯ ಒಂದು ಪಾಲನ್ನೂ ಹಾಗೆಯೇ ಹಿಂದಕ್ಕೆ ಕಳಿಸುತ್ತಾರೆ. ಈ ಎಣ್ಣೆ, ಮಸಿ ಬಿಸಿ ವಾಲ್ವಿನ ಬೆನ್ನಿಗೆ ಅಂಟಿ, ಬೆಂದು, ಪದರದ ಮೇಲೆ ಪದರವಾಗಿ ಕೂರುತ್ತದೆ. ತೊಳೆಯಲು ಪೆಟ್ರೋಲಿಲ್ಲ. ಬೆಲ್ಲದ ಕೊಪ್ಪರಿಗೆಯ ಅಂಚಿಗೆ ಹತ್ತಿದ ಕರಿಯನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತೋಟದಿಂದ ಪೇಟೆಗೆ ನಾಲ್ಕು ಮೈಲಿ ಹೋಗಿ, ಎಂಜಿನ್ ಸರಿಯಾಗಿ ಕಾಯುವ ಮೊದಲೇ ನಿಲ್ಲಿಸುವ ನಮ್ಮ ಓಡಾಟ ಈ ಕಾಯಿಲೆಗೆ ಇನ್ನಷ್ಟು ಅನುಕೂಲ.

ಇದರಿಂದ ಒಂದು ಸಂಗತಿ ತಾನೇ ಸ್ಪಷ್ಟವಾಗುತ್ತದೆ. ಟ್ಯಾಂಕಿಗೆ ಸುರಿಯುವ ಯಾವ ಬಾಟಲಿಯ ಔಷಧಿಯೂ ಈ ಎಂಜಿನ್ನುಗಳ ಇನ್ಲೆಟ್ ವಾಲ್ವನ್ನು ಮುಟ್ಟಲಾರದು. ಇಂಜೆಕ್ಟರ್ ಶುದ್ಧವಾಗಬಹುದು, ವಾಲ್ವು ಆಗುವುದಿಲ್ಲ. ದುಬಾರಿ ಪೆಟ್ರೋಲ್ ಹಾಕಿದರೂ ಅಷ್ಟೇ. ಟೊಯೊಟಾದವರು 2005ರಲ್ಲಿ ಒಂದೇ ಸಿಲಿಂಡರಿಗೆ ಎರಡು ಇಂಜೆಕ್ಟರ್ ಇಟ್ಟು, ಒಂದನ್ನು ವಾಲ್ವಿನ ಹಿಂದೆಯೂ ಒಂದನ್ನು ಸಿಲಿಂಡರಿನೊಳಗೂ ಬಿಟ್ಟ ಎಂಜಿನ್ ತಂದರು. ಅಂಥದ್ದರಲ್ಲಿ ವಾಲ್ವಿಗೆ ಪೆಟ್ರೋಲಿನ ಸ್ನಾನ ಮತ್ತೆ ಸಿಗುತ್ತದೆ.

ಮೊದಲು ನೋಡುವ ಸಲಕರಣೆ

ಬೆಳಗಿನ ನಡುಕಕ್ಕೆ ಕಾರಣ ವಾಲ್ವಿನ ಕಿಟ್ಟವೇ ಆಗಿರಬೇಕೆಂದಿಲ್ಲ. ಸ್ಪಾರ್ಕ್ ಪ್ಲಗ್ಗು ಸವೆದಿರಬಹುದು, ಇಗ್ನಿಷನ್ ಕಾಯಿಲ್ ಸತ್ತಿರಬಹುದು, ಗಾಳಿಯ ಹೋಸು ಎಲ್ಲೋ ಸೀಳಿರಬಹುದು. ಷೆಡ್ಡಿನಲ್ಲಿ ನಿಂತ ಗಾಡಿಯ ವೈರನ್ನು ಇಲಿ ಕಡಿದಿರುವುದೂ ನಮ್ಮಲ್ಲಿ ಅಪರೂಪವಲ್ಲ. ಇವೆಲ್ಲ ಅಗ್ಗದ ರಿಪೇರಿಗಳು. ಇವನ್ನು ನೋಡದೆ ಮ್ಯಾನಿಫೋಲ್ಡ್ ಬಿಚ್ಚುವುದು, ಬೇರುಹುಳ ನೋಡದೆ ಎಲೆಗೆ ಔಷಧಿ ಹೊಡೆದ ಹಾಗೆ.

ಆದ್ದರಿಂದ ಯಾರೇ ಆಗಲಿ ಮೊದಲು ಕೊಳ್ಳಬೇಕಾದದ್ದು ಗನ್ನಲ್ಲ, ಕ್ಯಾಮರಾ. ತೆಳ್ಳನೆಯ ಹಾವಿನಂತಹ ವೈರಿನ ತುದಿಯಲ್ಲಿ ದೀಪವೂ ಕಣ್ಣೂ ಇರುವ, ಮೊಬೈಲಿಗೆ ಸಿಕ್ಕಿಸಿಕೊಳ್ಳುವ ಬೋರ್‌ಸ್ಕೋಪು ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. 8 ಮಿಲಿಮೀಟರಿನದಕ್ಕಿಂತ 5.5 ಮಿಲಿಮೀಟರ್ ದಪ್ಪದ್ದು ಒಳ್ಳೆಯದು, ಇಕ್ಕಟ್ಟಿನಲ್ಲಿ ತೂರುತ್ತದೆ. ಕೊಳ್ಳುವಾಗ ಎಷ್ಟು ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುತ್ತದೆಂದು ಕೇಳಿ. ಅಗ್ಗದವುಗಳಲ್ಲಿ ಕೆಲವು ಒಂದೆರಡು ಅಂಗುಲ ದೂರದ್ದನ್ನು ಮಾತ್ರ ಸರಿಯಾಗಿ ತೋರಿಸುತ್ತವೆ. ವಾಲ್ವಿನ ಹತ್ತಿರ ಹೋದರೆ ಬರೀ ಮಂಜು. ವೈರು ಬಗ್ಗಿಸಿದ ಹಾಗೆ ನಿಲ್ಲುವಂತಿರಬೇಕು. ಕ್ಯಾಮರಾ ತಾಳೆ, ಬಾವಿಯ ಪೈಪು, ಗೋಡೆಯೊಳಗಿನ ಹೆಗ್ಗಣದ ಬಿಲ, ಎಲ್ಲದಕ್ಕೂ ಆಗುತ್ತದೆಂದು ಒಬ್ಬ ಸದಸ್ಯರು ನಮಗೆ ತೋರಿಸಿದ್ದಾರೆ. ಹೀಗಾಗಿ ದಂಡವಾಗುವ ವಸ್ತುವಲ್ಲ.

ಅದರ ಜೊತೆಗೆ ಗಾಡಿಯ ಕಂಪ್ಯೂಟರಿನ ಸಂಕೇತ ಓದುವ ಚಿಕ್ಕ ಸ್ಕ್ಯಾನರು. ಅದು ಪಿ 0300 ಎಂದರೆ ಯಾವುದೋ ಸಿಲಿಂಡರುಗಳು ಆಗಾಗ ಉರಿಯುತ್ತಿಲ್ಲ, ಪಿ 0301 ಎಂದರೆ ಒಂದನೆಯದು, 0302 ಎಂದರೆ ಎರಡನೆಯದು. ಒಂದೇ ಸಿಲಿಂಡರು ಮತ್ತೆ ಮತ್ತೆ ಬರುತ್ತಿದ್ದರೆ ಅದರ ಕಾಯಿಲನ್ನು ಪಕ್ಕದ್ದಕ್ಕೆ ಹಾಕಿ ನೋಡಿ. ತೊಂದರೆಯೂ ಕಾಯಿಲಿನ ಜೊತೆ ಪಕ್ಕಕ್ಕೆ ಹೋದರೆ ನಿಮ್ಮ ಹಣ ಉಳಿಯಿತು. ಎಲ್ಲ ಸಿಲಿಂಡರುಗಳೂ ತಣ್ಣಗಿರುವಾಗ ಮಾತ್ರ ತಡವರಿಸಿ, ಕಾದ ಮೇಲೆ ಸರಿಹೋಗುತ್ತಿದ್ದರೆ ವಾಲ್ವಿನ ಮೇಲೆ ಸಂಶಯಪಡುವುದು ಯುಕ್ತ. ಇಷ್ಟು ಸಾವಿರ ಕಿಲೋಮೀಟರಿಗೆ ಮಾಡಿಸಲೇಬೇಕು ಎಂಬ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ಕಣ್ಣಿಗೆ ಕಂಡಷ್ಟೇ ಲೆಕ್ಕ. ತೆಳ್ಳನೆಯ ಕಪ್ಪು ಲೇಪವಿದ್ದರೆ ಮುಚ್ಚಿಡಿ. ವಾಲ್ವಿನ ಕುತ್ತಿಗೆಯೇ ಕಾಣದಂತೆ ಗುಡ್ಡೆ ಕಟ್ಟಿದ್ದರೆ ಕೆಲಸ ಇದೆ.

ಬ್ರಷ್ಷೋ, ಗಾಳಿಯೋ?

ತೆಗೆಯುವ ದಾರಿಗಳು ಮೂರು. ಎಂಜಿನ್ ಓಡುತ್ತಿರುವಾಗ ಗಾಳಿಯ ದಾರಿಗೆ ಸಿಂಪಡಿಸುವ ಡಬ್ಬಿ ಔಷಧಿ ಒಂದು. ಸುಲಭವೇನೋ ಹೌದು. ಮ್ಯಾನಿಫೋಲ್ಡ್ ಬಿಚ್ಚಬೇಕಿಲ್ಲ. ಆದರೆ ಬೆಂದು ಗಟ್ಟಿಯಾದ ಕಿಟ್ಟಕ್ಕೆ ಇದರಿಂದ ಆಗುವುದು ಕಡಿಮೆ, ಮತ್ತು ಟರ್ಬೊ ಇರುವ ಎಂಜಿನ್ನಿನಲ್ಲಿ ಸಡಿಲಾದ ಚೂರು ಟರ್ಬೊದ ರೆಕ್ಕೆಗೆ ಬಡಿಯುವ ಭಯ ಇದ್ದೇ ಇದೆ. ಹೊಸ ಗಾಡಿಗೆ ಮುನ್ನೆಚ್ಚರಿಕೆಯಾಗಿ ಬಳಸುವವರು ಬಳಸಲಿ. ಕಟ್ಟಿದ ಕಿಟ್ಟಕ್ಕೆ ಇದನ್ನು ನಂಬುವುದು ಬೇಡ.

ಎರಡನೆಯದು ನೆನೆಸಿ ಉಜ್ಜುವುದು. ಮ್ಯಾನಿಫೋಲ್ಡ್ ಬಿಚ್ಚಿ, ಮುಚ್ಚಿರುವ ವಾಲ್ವಿನ ಮೇಲಿನ ಗುಂಡಿಗೆ ಕಾರ್ಬನ್ ಕರಗಿಸುವ ದ್ರವ ಸುರಿದು, ಅರ್ಧ ಗಂಟೆಯೋ ಹೆಚ್ಚೋ ಬಿಟ್ಟು, ಬ್ರಷ್ಷಿನಿಂದ ಉಜ್ಜಿ, ಕೊಳೆಯನ್ನು ದೊಡ್ಡ ಸಿರಿಂಜಿನಿಂದ ಹೀರಿ ತೆಗೆಯುವುದು. ಬೇಕಾದದ್ದು ಉದ್ದ ಹಿಡಿಯ ನೈಲಾನ್ ಬ್ರಷ್ಷು, ಹಿತ್ತಾಳೆಯ ಬ್ರಷ್ಷು, ಮರದ ಅಥವಾ ಪ್ಲಾಸ್ಟಿಕ್ಕಿನ ಕೆರೆಕಡ್ಡಿ, ದನಗಳ ಡಾಕ್ಟರು ಬಳಸುವಂಥ ಸಿರಿಂಜು, ಅದಕ್ಕೆ ಒಂದು ತುಂಡು ಟ್ಯೂಬು. ಉಕ್ಕಿನ ತಂತಿಯ ಬ್ರಷ್ಷನ್ನು ಯಾರೂ ಮುಟ್ಟಬಾರದು. ಅದರ ಒಂದು ಕೂದಲು ಮುರಿದು ಒಳಗೆ ಬಿದ್ದರೆ ಸಿಲಿಂಡರಿನ ಗೋಡೆಯ ಮೇಲೆ ಜೀವಮಾನದ ಗೀರು. ದಿನವೆಲ್ಲ ಹಿಡಿಯುವ, ಬೆನ್ನು ನೋಯುವ ಕೆಲಸ ಇದು. ಆದರೂ ಒಂದೇ ಗಾಡಿಯಿದ್ದು, ಹಲವು ವರ್ಷಕ್ಕೊಮ್ಮೆ ಮಾಡುವ ಮನೆಗೆ ಇದಕ್ಕಿಂತ ಮಿತವ್ಯಯದ ದಾರಿ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಇನ್ನೊಂದು ಎಚ್ಚರ: ಬೇಗ ಹತ್ತಿಕೊಳ್ಳುವ ದ್ರವವನ್ನು ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಹೀರಬಾರದು. ಅದರ ಮೋಟರಿನ ಕಿಡಿಗೆ ಹಬೆ ಹೊತ್ತಿಕೊಳ್ಳುತ್ತದೆ. ಸಿರಿಂಜು ಹೇಳಿರುವುದು ಅದಕ್ಕಾಗಿಯೇ.

ಮೂರನೆಯದು ಎಲ್ಲರೂ ಕೇಳುವ ಅಕ್ರೋಟಿನ ಚಿಪ್ಪಿನ ತರಿ. ಗಾಳಿಯ ರಭಸದಲ್ಲಿ ತರಿಯನ್ನು ವಾಲ್ವಿಗೆ ಹೊಡೆದರೆ ಒಂದೊಂದು ಸಿಲಿಂಡರಿನ ಕಿಟ್ಟ ಕೆಲವೇ ನಿಮಿಷದಲ್ಲಿ ಉದುರಿ, ಲೋಹ ಬೆಳ್ಳಗೆ ಕಾಣುತ್ತದೆ. ಬಿಎಂಡಬ್ಲ್ಯು ವರ್ಕ್‌ಶಾಪುಗಳಲ್ಲಿ ರೂಢಿಗೆ ಬಂದ ಈ ವಿಧಾನ ಉಳಿದೆಲ್ಲಕ್ಕಿಂತ ಚೊಕ್ಕಟ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇದಕ್ಕೆ ಬೇಕಾದ ಸರಂಜಾಮೂ ಅಷ್ಟೇ ಇದೆ: ಗನ್ನು, ಕಂಪ್ರೆಸರು, ನೀರು ಹಿಡಿಯುವ ಫಿಲ್ಟರು, ಪೋರ್ಟಿಗೆ ಸರಿಹೊಂದುವ ಮೂತಿ, ಹೀರುವ ಯಂತ್ರ, ತರಿ.

ಗಾಳಿಯ ಲೆಕ್ಕ

ಇಲ್ಲಿ ಸದಸ್ಯರು ಹೆಚ್ಚಾಗಿ ಎಡವುವುದು ಒತ್ತಡವನ್ನು ಮಾತ್ರ ನೋಡಿ. ‘ನಮ್ಮಲ್ಲಿ ಟೈರಿಗೆ ಗಾಳಿ ಹೊಡೆಯುವ ಯಂತ್ರವಿದೆ, 150 ಪೌಂಡ್ ಒತ್ತಡ ಬರುತ್ತದೆ’ ಎನ್ನುತ್ತಾರೆ. ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಹಾಕಿದ ಯಾರಿಗೂ ಈ ತಪ್ಪು ತಿಳಿಯುತ್ತದೆ. ಪಂಪು ಎಷ್ಟು ಎತ್ತರಕ್ಕೆ ನೀರು ಎತ್ತುತ್ತದೆಂಬುದು ಒಂದು, ನಿಮಿಷಕ್ಕೆ ಎಷ್ಟು ನೀರು ಕೊಡುತ್ತದೆಂಬುದು ಇನ್ನೊಂದು. ಎರಡನೆಯದು ಸಾಲದಿದ್ದರೆ ಜೆಟ್ಟು ಒಂದು ಸುತ್ತು ತಿರುಗಿ ತಲೆ ಬಗ್ಗಿಸುತ್ತದೆ. ಗಾಳಿಯೂ ಹಾಗೆಯೇ.

ತರಿ ಹೊಡೆಯುವ ಕೈಗನ್ನಿಗೆ ಸುಮಾರು 80ರಿಂದ 100 ಪೌಂಡ್ ಒತ್ತಡದಲ್ಲಿ ನಿಮಿಷಕ್ಕೆ 6ರಿಂದ 10 ಘನ ಅಡಿ ಗಾಳಿ ಬೇಕು. ಕಾರಿನ ಬ್ಯಾಟರಿಗೆ ಸಿಕ್ಕಿಸುವ ಟೈರಿನ ಪಂಪು ಕೊಡುವುದು ಹೆಚ್ಚೆಂದರೆ ಒಂದೆರಡು ಘನ ಅಡಿ. ಅದರಿಂದ ಧೂಳು ಊದಬಹುದು. ಕಂಪ್ರೆಸರಿನಲ್ಲಿ ಸ್ಥೂಲವಾಗಿ ಒಂದು ಅಶ್ವಶಕ್ತಿಗೆ 3ರಿಂದ 4 ಘನ ಅಡಿ ಸಿಕ್ಕಿದರೆ ಅದು ಪ್ರಾಮಾಣಿಕ ಯಂತ್ರ. ಚೀಟಿಯ ಮೇಲೆ ದೊಡ್ಡದಾಗಿ ಬರೆದಿರುವ ಅಂಕಿ ಹೆಚ್ಚಾಗಿ ಪಿಸ್ಟನ್ನು ತಳ್ಳುವ ಗಾಳಿಯ ಲೆಕ್ಕ. ಕೇಳಬೇಕಾದದ್ದು ‘ಫ್ರೀ ಏರ್ ಡೆಲಿವರಿ’ ಎಷ್ಟು ಎಂದು. ಅದು ಯಾವಾಗಲೂ ಕಡಿಮೆ ಇರುತ್ತದೆ, ಮತ್ತು ಅದೇ ನಿಮ್ಮ ಕೈಗೆ ಬರುವ ಗಾಳಿ.

ಟ್ಯಾಂಕು ದೊಡ್ಡದಿದ್ದರೆ ಸಾಲದೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. 50 ಲೀಟರಿನ ಟ್ಯಾಂಕು 120 ಪೌಂಡಿನಿಂದ 80 ಪೌಂಡಿಗೆ ಇಳಿಯುವಷ್ಟರಲ್ಲಿ ಬಿಟ್ಟುಕೊಡುವ ಗಾಳಿ ಸುಮಾರು 136 ಲೀಟರ್, ಅಂದರೆ ಐದು ಘನ ಅಡಿಗೆ ಸ್ವಲ್ಪ ಕಡಿಮೆ. ಗನ್ನು ನಿಮಿಷಕ್ಕೆ 8 ಘನ ಅಡಿ ನುಂಗುತ್ತದೆ, ಯಂತ್ರ 4 ಘನ ಅಡಿ ತುಂಬುತ್ತದೆ ಎಂದಿಟ್ಟುಕೊಳ್ಳಿ. ಒಂದೂಕಾಲು ನಿಮಿಷ ಹೊಡೆಯಬಹುದು. ಆಮೇಲೆ ಅಷ್ಟೇ ಹೊತ್ತು ಕಾಯಬೇಕು. ಇದು ನಡೆಯದ ಮಾತಲ್ಲ. ಒಂದು ನಿಮಿಷ ಹೊಡೆದು, ಒಂದು ನಿಮಿಷ ಕ್ಯಾಮರಾ ಹಾಕಿ ನೋಡಿ, ಮತ್ತೆ ಹೊಡೆಯುವವರಿಗೆ ಎರಡು ಅಶ್ವಶಕ್ತಿಯ, 50 ಲೀಟರಿನ ಕಂಪ್ರೆಸರು ಸಾಕು. ಅವಸರದವರಿಗೆ ಮೂರು ಅಶ್ವಶಕ್ತಿ, 100 ಲೀಟರ್ ಬೇಕು. ಅದಕ್ಕಿಂತ ಚಿಕ್ಕದನ್ನು ಈ ಕೆಲಸಕ್ಕೆಂದು ಕೊಳ್ಳಬೇಡಿ.

ಎರಡು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟರು ಏಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸಂಜೆಯ ಹೊತ್ತು ದೀಪ ಮಂಕಾಗುವ ನಮ್ಮ ಮನೆಗಳಲ್ಲಿ ಅದು ಗುಂಯ್ ಎಂದು ಕೂತು ಕಾಯುತ್ತದೆಯೇ ಹೊರತು ತಿರುಗುವುದಿಲ್ಲ. ಹಾಗೆ ಐದು ನಿಮಿಷ ಬಿಟ್ಟರೆ ವೈಂಡಿಂಗ್ ಸುಟ್ಟುಹೋಗುತ್ತದೆ. ತೆಳು ವೈರಿನ ಎಕ್ಸ್‌ಟೆನ್ಷನ್ ಬೇಡ, 2.5 ಚದರ ಮಿಲಿಮೀಟರಿನ ತಾಮ್ರದ ವೈರು ಹಾಕಿ, ಕಂಪ್ರೆಸರನ್ನು ಮೀಟರಿನ ಹತ್ತಿರವಿಟ್ಟು ಗಾಳಿಯ ಹೋಸನ್ನೇ ಉದ್ದಮಾಡಿ. ಮೂರು ಕೆವಿಎ ಜನರೇಟರು ಇದನ್ನು ಏಳಿಸಲು ಒದ್ದಾಡುತ್ತದೆ. ಇನ್ನು ತೋಟದ ಪಂಪ್‌ಸೆಟ್ಟಿನ ಸಂಪರ್ಕದಿಂದ ಬೇರೆ ಯಂತ್ರ ನಡೆಸುವುದು ನಿಯಮಕ್ಕೆ ಸರಿಯಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಕಾರ್ಯದರ್ಶಿಯಾದ ಮೇಲೆ ಬರೆಯಲೇಬೇಕಾದ ಸಾಲು, ಬರೆದಿದ್ದೇವೆ.

ಗಾಳಿಯ ಜೊತೆ ಬರುವ ನೀರಿನ ವಿಷಯ ನಮ್ಮ ಸೀಮೆಗೆ ವಿಶೇಷ. ಮಲೆನಾಡಿನ ಹಸಿ ಗಾಳಿಯನ್ನು ಒತ್ತಿದರೆ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ. ಆ ನೀರು ತರಿಗೆ ತಾಗಿದರೆ ಗನ್ನಿನ ಬಾಯಿಯಲ್ಲಿ ಅದು ಹಿಟ್ಟಿನ ಮುದ್ದೆಯಾಗುತ್ತದೆ. ಕೆಲಸಕ್ಕೆ ಮುಂಚೆ ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ ನೀರು ಇಳಿಸಿ, ಹೋಸಿನ ನಡುವೆ ನೀರು ಹಿಡಿಯುವ ಬಟ್ಟಲಿನ ಫಿಲ್ಟರು ಹಾಕಿ. ಜೂನಿನಿಂದ ಸೆಪ್ಟೆಂಬರ್ ತನಕ ಈ ಕೆಲಸವನ್ನೇ ಇಟ್ಟುಕೊಳ್ಳಬೇಡಿ. ಅಡಿಕೆ ಸುಲಿದು, ಕಾಫಿ ಕಣ ಮುಗಿದ ಮೇಲಿನ ಒಣ ದಿನಗಳೇ ಇದಕ್ಕೆ ಸರಿ.

ಗನ್ನಿನಲ್ಲಿ ಎರಡು ಬಗೆ. ತಲೆಯ ಮೇಲೋ ಅಡಿಯಲ್ಲೋ ಡಬ್ಬಿಯಿದ್ದು ಗಾಳಿಯೇ ತರಿಯನ್ನು ಎಳೆದುಕೊಳ್ಳುವುದು ಒಂದು. ಒತ್ತಡ ತುಂಬಿದ ಹಂಡೆಯಿಂದ ತರಿ ನೂಕುವುದು ಇನ್ನೊಂದು. ಹಂಡೆಯದು ಬಲವಾದದ್ದು, ಆದರೆ ತರಿ ದಂಡ ಹೆಚ್ಚು, ಹಂಡೆಯ ಬೆಸುಗೆ ಕಳಪೆಯಾಗಿದ್ದರೆ ಜೀವಕ್ಕೇ ಅಪಾಯ. ಮನೆಗೆ ಮೊದಲನೆಯದೇ ಸಾಕು. ಗನ್ನಿನ ತುದಿಗೆ ಒಂದು ಗೇಣುದ್ದದ ಸಪೂರ ನಳಿಗೆ ಇರಬೇಕು, ಅದರ ಬಾಯಿ ಸವೆದಾಗ ಬದಲಿ ಸಿಗುವಂತಿರಬೇಕು.

ತರಿ ಯಾವುದು?

ಅಕ್ರೋಟಿನ ಚಿಪ್ಪಿನ ತರಿಯನ್ನೇ ಏಕೆ? ಅದು ಕಿಟ್ಟಕ್ಕಿಂತ ಗಟ್ಟಿ, ವಾಲ್ವಿನ ಉಕ್ಕಿಗಿಂತ ಮೆತ್ತಗೆ. ಕಣಗಳು ಚೂಪು ಮೂಲೆಯವು, ಆದರೆ ಲೋಹಕ್ಕೆ ಬಡಿದರೆ ತಾವೇ ಒಡೆಯುತ್ತವೆ. ಒಂದೆರಡು ಕಣ ಸಿಲಿಂಡರಿಗೆ ಹೋದರೆ ಉರಿದುಹೋಗುತ್ತವೆ. ಮರಳು ಉರಿಯುವುದಿಲ್ಲ. ಹೊಳೆಯ ಮರಳನ್ನು ಜರಡಿ ಹಿಡಿದು ಬಳಸಿದರೆ ಆಗದೇ ಎಂದು ಕೇಳಿದವರಿದ್ದಾರೆ. ಆಗುವುದಿಲ್ಲ. ಮರಳಿನ ಒಂದು ಚಿಟಿಕೆ ಸಿಲಿಂಡರಿನ ಗೋಡೆ, ಪಿಸ್ಟನ್ನಿನ ಉಂಗುರ, ಎಣ್ಣೆಯೊಡನೆ ಸೇರಿ ಬೇರಿಂಗು, ಎಲ್ಲವನ್ನೂ ತಿನ್ನುತ್ತದೆ. ಅದರ ಧೂಳು ಹೊಡೆಯುವವನ ಶ್ವಾಸಕೋಶವನ್ನು ಸಿಲಿಕೋಸಿಸ್ ಆಗಿ ತಿನ್ನುತ್ತದೆ.

ನಮ್ಮದೇ ಕಾಫಿ ಹೊಟ್ಟು, ಅಡಿಕೆ ಸಿಪ್ಪೆ ಆಗದೇ ಎಂಬ ಪ್ರಶ್ನೆಯೂ ಬಂದಿದೆ. ನಮ್ಮ ಬೆಳೆಯ ಅಭಿಮಾನ ನಮಗೂ ಇದೆ. ಆದರೆ ಕಾಫಿಯ ಹೊಟ್ಟು ಕಾಗದದ ಹಾಗೆ ಹಗುರ, ಬಡಿಯುವ ಬಲವಿಲ್ಲ. ಅಡಿಕೆಯ ಸಿಪ್ಪೆ ನಾರು, ಗನ್ನಿನ ಬಾಯಿ ಕಟ್ಟುತ್ತದೆ. ತೆಂಗಿನ ಚಿಪ್ಪಿನ ತರಿ ಅಕ್ರೋಟಿಗೆ ಹತ್ತಿರದ್ದು. ಆದರೆ ಒಂದೇ ಅಳತೆಗೆ ಜರಡಿ ಹಿಡಿದದ್ದು ಬೇಕು, ಮನೆಯಲ್ಲಿ ಕುಟ್ಟಿದ್ದಲ್ಲ. ತರಿಯ ಅಳತೆಯನ್ನು ಜರಡಿಯ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ನಯ. 20ರಿಂದ 30ರ ನಡುವಿನದು, ಸುಮಾರು ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟಿನ ರವೆಯ ಹತ್ತಿರ, ಈ ಕೆಲಸಕ್ಕೆ ಒಗ್ಗುತ್ತದೆ. ನಾಲ್ಕು ಸಿಲಿಂಡರಿಗೆ ಐದು ಕಿಲೋ ಕೈಯಲ್ಲಿರಲಿ. ಒಮ್ಮೆ ಹೊಡೆದದ್ದನ್ನು ಜರಡಿ ಹಿಡಿದು ಮತ್ತೆ ಬಳಸುವ ಜಿಪುಣತನ ಬೇಡ, ಅದಕ್ಕೆ ಎಣ್ಣೆ, ಕಿಟ್ಟ ಹತ್ತಿರುತ್ತದೆ. ಅಕ್ರೋಟು ತಿಂದರೆ ಮೈ ಉಬ್ಬುವವರು ಇದರ ಧೂಳಿನಿಂದಲೂ ದೂರವಿರಬೇಕು. ಉಳಿದವರಿಗೂ ಧೂಳಿನ ಮುಖವಾಡ, ಕನ್ನಡಕ ಕಡ್ಡಾಯ.

ಮುಚ್ಚಿದ ವಾಲ್ವು

ಈಗ ಎಂಜಿನ್ ಉಳಿಯುವ, ಹೋಗುವ ಮಾತು. ತರಿ ಹೊಡೆಯುವ ಸಿಲಿಂಡರಿನ ಇನ್ಲೆಟ್ ವಾಲ್ವು ಪೂರ್ತಿ ಮುಚ್ಚಿರಲೇಬೇಕು. ತೆರೆದ ವಾಲ್ವಿಗೆ ಹೊಡೆದರೆ ಹಿಡಿ ಹಿಡಿ ತರಿ ಸಿಲಿಂಡರಿನೊಳಗೆ ಸೇರುತ್ತದೆ. ಒಂದೆರಡು ಕಣ ಉರಿಯುವುದು ಬೇರೆ, ಹಿಡಿ ತರಿ ಬೇರೆ. ಅದು ವಾಲ್ವಿನ ಸೀಟಿಗೆ ಸಿಕ್ಕಿ ಕಂಪ್ರೆಷನ್ ಹೋಗುತ್ತದೆ, ಹೆಡ್ಡು ಇಳಿಸುವ ತನಕ ಕೆಲಸ ಬೆಳೆಯುತ್ತದೆ. ಆಗ ವರ್ಕ್‌ಶಾಪಿನವರು ಮೊದಲು ಹೇಳಿದ ಮೊತ್ತ ಅಗ್ಗವಾಗಿ ಕಾಣುತ್ತದೆ.

ವಾಲ್ವು ಮುಚ್ಚಲು ಕ್ರ್ಯಾಂಕಿನ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ತಿರುಗಿಸಬೇಕು. 1-3-4-2 ಕ್ರಮದಲ್ಲಿ ಉರಿಯುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ, ಒಂದನೆಯದು ಕಂಪ್ರೆಷನ್ನಿನ ತುದಿಗೆ ಬಂದಾಗ ಒಂದು ಮತ್ತು ಎರಡರ ಇನ್ಲೆಟ್ ವಾಲ್ವು ಮುಚ್ಚಿರುತ್ತವೆ; ಕ್ರ್ಯಾಂಕನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಮೂರು ಮತ್ತು ನಾಲ್ಕರವು. ಮೂರು ಸಿಲಿಂಡರಿನ ಎಂಜಿನ್ನಿಗೆ ಈ ಜೋಡಿ ಲೆಕ್ಕ ಸಲ್ಲದು, ಒಂದೊಂದನ್ನೇ ನೋಡಬೇಕು. ಲೆಕ್ಕ ಏನೇ ಹೇಳಲಿ, ಪ್ರತಿ ಸಲವೂ ಕ್ಯಾಮರಾ ಬಿಟ್ಟು ನೋಡಿ, ಮೇಲೆ ಎರಡು ಚಮಚ ಕಾರ್ಬನ್ ಕರಗಿಸುವ ದ್ರವ ಸುರಿಯಿರಿ. ಹತ್ತು ನಿಮಿಷವಾದರೂ ಇಳಿಯದಿದ್ದರೆ ಮುಚ್ಚಿದೆ ಎಂದರ್ಥ. ಆಮೇಲೆ ಅದನ್ನು ಹೀರಿ, ಒರೆಸಿ, ಒಣಗಿಸಿಯೇ ತರಿ ಹೊಡೆಯಬೇಕು. ಪಕ್ಕದ ಪೋರ್ಟುಗಳಿಗೆ ಬಟ್ಟೆ ತುರುಕುವವರು ಎಷ್ಟು ತುಂಡು ಎಂದು ಗೋಡೆಯ ಮೇಲೆ ಬರೆದಿಡಿ; ಜೋಡಿಸುವಾಗ ಅಷ್ಟೇ ತುಂಡು ಹೊರಗೆ ಬಂದಿರಬೇಕು.

ಪೋರ್ಟಿನ ಮೂತಿ ಎಂದು ಮೇಲೆ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ಲಾಸ್ಟಿಕ್ಕಿನ ಈ ತುಂಡಿನಲ್ಲಿ ಎರಡು ತೂತು: ಒಂದರಲ್ಲಿ ಗನ್ನಿನ ನಳಿಗೆ, ಇನ್ನೊಂದಕ್ಕೆ ಹೀರುವ ಯಂತ್ರದ ಹೋಸು. ಹೊಡೆದ ತರಿ ಕಿಟ್ಟದೊಡನೆ ಆಗಲೇ ಹೊರಗೆ ಹೋಗುತ್ತದೆ, ಷೆಡ್ಡಿನ ತುಂಬ ಹಾರುವುದಿಲ್ಲ. ಒಂದು ಎಂಜಿನ್ನಿನ ಮೂತಿ ಇನ್ನೊಂದಕ್ಕೆ ಕೂರುವುದಿಲ್ಲ, ಗಾಡಿಯ ಎಂಜಿನ್ ಹೆಸರು ಹೇಳಿಯೇ ತರಿಸಬೇಕು. ಹೀರಲು ಒದ್ದೆ-ಒಣ ಎರಡಕ್ಕೂ ಆಗುವ 15ರಿಂದ 20 ಲೀಟರಿನ ವರ್ಕ್‌ಶಾಪ್ ಯಂತ್ರ ಬೇಕು. ಮನೆಯ ನೆಲ ಗುಡಿಸುವುದು ಒಂದೇ ಸಿಲಿಂಡರಿಗೆ ಉಸಿರು ಕಟ್ಟುತ್ತದೆ. ದ್ರವ ಇನ್ನೂ ಇರುವ ಪೋರ್ಟಿಗೆ ಇದನ್ನೂ ಹಚ್ಚಬಾರದು.

ಜೋಡಿಸುವಾಗ ಹೊಸ ಗ್ಯಾಸ್ಕೆಟ್ಟು, ಮತ್ತು ಬಿಗಿಯ ಅಳತೆ ತೋರಿಸುವ ಟಾರ್ಕ್ ಸ್ಪ್ಯಾನರು. ಮ್ಯಾನಿಫೋಲ್ಡು ಪ್ಲಾಸ್ಟಿಕ್ಕಿನದು, ಹೆಡ್ಡು ಅಲ್ಯುಮಿನಿಯಮ್ಮಿನದು. ಟ್ರ್ಯಾಕ್ಟರಿನ ಬೋಲ್ಟಿನಂತೆ ಬಿಗಿದರೆ ಒಂದು ಸೀಳುತ್ತದೆ, ಇನ್ನೊಂದರ ಎಳೆ ಕಿತ್ತು ಬರುತ್ತದೆ. ನೇರ ಇಂಜೆಕ್ಷನ್ನಿನ ಪೆಟ್ರೋಲ್ ಕೊಳವೆಯಲ್ಲಿ 200 ಬಾರ್ ಅಥವಾ ಅದಕ್ಕೂ ಹೆಚ್ಚು ಒತ್ತಡ ಇರುತ್ತದೆ. ಆಗತಾನೆ ಓಡಿದ ಎಂಜಿನ್ನಿನ ಆ ಕೊಳವೆಯನ್ನು ಸಡಿಲಿಸಿದರೆ ಪೆಟ್ರೋಲು ಚರ್ಮವನ್ನೇ ತೂತು ಮಾಡಿ ಒಳಹೋಗಬಲ್ಲದು. ಅದನ್ನು ಬಿಚ್ಚದೆ ಮ್ಯಾನಿಫೋಲ್ಡ್ ಬಾರದ ಗಾಡಿಯಾದರೆ ಈ ಕೆಲಸವನ್ನು ಮನೆಯಲ್ಲಿ ಮಾಡಲೇಬೇಡಿ.

ಡೀಸೆಲ್ ಗಾಡಿಯವರಿಗೆ

ಪ್ಯೂಜೋ ಎಂಜಿನ್ನಿನ ಹಳೆಯ ಮಹೀಂದ್ರ ಜೀಪಿನವರು ಈ ಲೇಖನವನ್ನು ಕುತೂಹಲಕ್ಕೆ ಓದಿದರೆ ಸಾಕು. ಹೊಗೆಯನ್ನು ಹಿಂದಕ್ಕೆ ಕಳಿಸುವ ಇಜಿಆರ್ ಇರುವ ಹೊಸ ಡೀಸೆಲ್‌ಗಳಲ್ಲಿ ಮಸಿಯೂ ಎಣ್ಣೆಯೂ ಸೇರಿ ಡಾಂಬರಿನಂತಾಗಿ ಮ್ಯಾನಿಫೋಲ್ಡನ್ನೇ ಕಟ್ಟುತ್ತದೆ. ಅದನ್ನು ಬಿಚ್ಚಿ, ಹೊರಗೆ ತಂದು, ನೆನೆಸಿ ತೊಳೆಯುವುದೇ ದಾರಿ. ಓಡುವ ಡೀಸೆಲ್ ಎಂಜಿನ್ನಿನ ಗಾಳಿಯ ದಾರಿಗೆ ಪೆಟ್ರೋಲ್ ಗಾಡಿಯ ಸ್ಪ್ರೇಯನ್ನು ಹೊಡೆಯಬಾರದು. ಡೀಸೆಲ್ ಎಂಜಿನ್ನಿಗೆ ಉರಿಯುವ ಯಾವುದೇ ಆವಿ ಆಹಾರವೇ. ಕೀಲಿ ತೆಗೆದರೂ ನಿಲ್ಲದೆ ಓಡಿ ತನ್ನನ್ನು ತಾನೇ ಒಡೆದುಕೊಳ್ಳಬಲ್ಲದು.

ಯಾರು ಯಾವುದನ್ನು ಕೊಳ್ಳಬೇಕು

ಒಂದೊಂದು ಮನೆಯೂ ಪೂರ್ತಿ ಸರಂಜಾಮು ಕೊಳ್ಳುವುದು ನಮಗೆ ಸರಿ ಕಾಣುವುದಿಲ್ಲ. ಕಂಪ್ರೆಸರು ಬೇರೆ. ಅದು ಟೈರಿಗೆ, ಕಳೆ ಕತ್ತರಿಸುವ ಯಂತ್ರದ ಫಿಲ್ಟರಿಗೆ, ರೇಡಿಯೇಟರಿಗೆ, ಪಲ್ಪರಿನ ಬೇರಿಂಗಿಗೆ ವರ್ಷವಿಡೀ ಆಗುತ್ತದೆ, ಶಕ್ತಿಯಿದ್ದವರು ಕೊಳ್ಳಲಿ. ಕ್ಯಾಮರಾ, ಬ್ರಷ್ಷು, ಸಿರಿಂಜು ಪ್ರತಿ ಮನೆಗೂ ನಿಲುಕುವ ವಸ್ತುಗಳು. ಆದರೆ ಗನ್ನು, ಹೀರುವ ಯಂತ್ರ, ಎಂಜಿನ್‌ವಾರು ಮೂತಿಗಳು, ಟಾರ್ಕ್ ಸ್ಪ್ಯಾನರು, ಇವು ಒಂದು ಮನೆಯಲ್ಲಿ ಹಲವು ವರ್ಷಕ್ಕೊಂದು ದಿನ ಕೆಲಸಕ್ಕೆ ಬಂದು ಉಳಿದ ದಿನ ತುಕ್ಕು ಹಿಡಿಯುತ್ತವೆ. ದೋಟಿ, ಏಣಿಗಳನ್ನು ನೆರೆಮನೆಯಿಂದ ತರುವ ನಾವು ಇವನ್ನು ಸಂಘದಿಂದ ತರಬಹುದು. ಇವುಗಳ ಒಂದು ಸೆಟ್ಟನ್ನು ಸಂಘದ ಗೋದಾಮಿನಲ್ಲಿ ಇಟ್ಟು ದಿನಬಾಡಿಗೆಗೆ ಕೊಡುವ ಪ್ರಸ್ತಾಪವನ್ನು ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದೇವೆ. ಮಂಡಳಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಜನಕ್ಕೆ ಬೇಕು, ಯಾವ ಎಂಜಿನ್ನಿನ ಮೂತಿ ತರಿಸಬೇಕು’ ಎಂಬುದೇ ಆಗಿರುತ್ತದೆ.

ಆದ್ದರಿಂದ ನೇರ ಇಂಜೆಕ್ಷನ್ನಿನ ಪೆಟ್ರೋಲ್ ಗಾಡಿಯಿರುವ ಸದಸ್ಯರು ಗಾಡಿಯ ಹೆಸರು, ಕೊಂಡ ವರ್ಷ, ಓಡಿದ ಕಿಲೋಮೀಟರು, ಸಾಧ್ಯವಾದರೆ ಕ್ಯಾಮರಾದಲ್ಲಿ ಕಂಡ ವಾಲ್ವಿನ ಚಿತ್ರ, ಇಷ್ಟನ್ನು ಕಚೇರಿಯ ಪುಸ್ತಕದಲ್ಲಿ ಬರೆಸಬೇಕಾಗಿ ಕೋರುತ್ತೇವೆ. ಕಚೇರಿಯ ಬೋರ್‌ಸ್ಕೋಪು ಒಂದು ಈಗಾಗಲೇ ಇದೆ. ಸೋಮವಾರ, ಗುರುವಾರ ಮಧ್ಯಾಹ್ನದ ಮೇಲೆ ಗಾಡಿ ತಂದರೆ ನೋಡಿಕೊಡಲಾಗುವುದು. ಎಂಜಿನ್ ಆರಲು ಎರಡು ಗಂಟೆ ಬೇಕಾಗುವುದರಿಂದ ಊಟಕ್ಕೆ ಮುಂಚೆಯೇ ತಂದು ನಿಲ್ಲಿಸಿದರೆ ಅನುಕೂಲ.